ಪೊಲೀಸ್ ಅಲ್ಲ, ಫೈರ್ ಅಲ್ಲ, ನಗರದ ಎಂಜಿನಿಯರ್. 9/11 ಅಂಗವೈಕಲ್ಯ ಪಿಂಚಣಿ ನಮ್ಮನೆಯವರಿಗೂ ಸಿಗುತ್ತದಾ?

ಫ್ಲಶಿಂಗ್_ಸುಮಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾವು ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಇರುವವರು. ಬೌನ್ ಸ್ಟ್ರೀಟಿನ ಗಣೇಶನ ಗುಡಿಗೆ ನಡೆದೇ ಹೋಗಬಹುದು. ನಮ್ಮನೆಯವರು ಸಿವಿಲ್ ಎಂಜಿನಿಯರ್. ನಗರದ ಒಂದು ಇಲಾಖೆಯಲ್ಲಿ 26 ವರ್ಷ ಕೆಲಸ ಮಾಡಿ 2012ರಲ್ಲಿ ರಿಟೈರ್ ಆದರು. ರಸ್ತೆ ಕೆಳಗಿನ ನೀರಿನ ಪೈಪು, ವಾಲ್ವು, ಮ್ಯಾನ್‌ಹೋಲು, ಇದೇ ಅವರ ಕೆಲಸ.

2001ರ ಸೆಪ್ಟೆಂಬರ್ 13ಕ್ಕೆ ಅವರನ್ನು ವರ್ಲ್ಡ್ ಟ್ರೇಡ್ ಸೆಂಟರ್ ಬಿದ್ದ ಜಾಗಕ್ಕೆ ಕಳಿಸಿದರು. ಕಟ್ಟಡ ಬಿದ್ದ ರಭಸಕ್ಕೆ ಸುತ್ತಮುತ್ತಲ ದೊಡ್ಡ ಪೈಪುಗಳು ಒಡೆದಿದ್ದವು. ಯಾವ ವಾಲ್ವ್ ಮುಚ್ಚಬೇಕು, ನೀರು ಎಲ್ಲಿ ನುಗ್ಗುತ್ತಿದೆ ಅಂತ ಹುಡುಕಬೇಕಿತ್ತು. ವೆಸಿ ಸ್ಟ್ರೀಟ್, ಲಿಬರ್ಟಿ ಸ್ಟ್ರೀಟ್, ವೆಸ್ಟ್ ಸ್ಟ್ರೀಟ್, ಎಲ್ಲ ಕಡೆ ಅಲೆದರು. ಹಡ್ಸನ್ ನದಿ ಒಳಗೆ ಬರದ ಹಾಗೆ ನೆಲದಡಿ ಕಟ್ಟಿದ್ದ ಗೋಡೆ ಎಲ್ಲಿ ಕುಸಿಯುತ್ತದೋ ಎಂದು ಆಗ ಎಲ್ಲ ಎಂಜಿನಿಯರ್‌ಗಳಿಗೂ ಭಯ. ಇವರು ನಿದ್ದೆಯಲ್ಲೂ ಅದನ್ನೇ ಮಾತಾಡುತ್ತಿದ್ದರು. ಜನವರಿವರೆಗೆ ಹೋಗಿ ಬಂದರು. ಮೂಗಿಗೆ ಕೊಟ್ಟಿದ್ದು ತೆಳ್ಳಗಿನ ಕಾಗದದ ಮಾಸ್ಕ್ ಅಷ್ಟೇ. ಗಾಳಿಯಿಂದ ತೊಂದರೆ ಇಲ್ಲ ಎಂದು ದೊಡ್ಡವರು ಟೀವಿಯಲ್ಲಿ ಹೇಳಿದ್ದರು, ನಾವು ನಂಬಿದ್ದೆವು.

ಅವರ ಬಟ್ಟೆಯನ್ನು ನಾನು ಬಾತ್‌ಟಬ್ಬಿನಲ್ಲಿ ನೆನೆಹಾಕುತ್ತಿದ್ದೆ. ಬೂದಿ ಬಣ್ಣದ ನುಣ್ಣನೆ ಪುಡಿ ಬಿಡುತ್ತಿತ್ತು. ನೀರು ಸುಣ್ಣ ಕದಡಿದ ಹಾಗೆ ಆಗುತ್ತಿತ್ತು, ಕೈ ಉರಿಯುತ್ತಿತ್ತು. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಟಬ್ಬಿನ ತಳದಲ್ಲಿ ಗಾರೆ ಹಾಕಿದ ಹಾಗೆ ಗಟ್ಟಿಯಾಗಿರುತ್ತಿತ್ತು. ಹಳೇ ದೋಸೆ ಮೊಗಚುವ ಕೈಯಿಂದ ಕೆರೆದು ತೆಗೆಯುತ್ತಿದ್ದೆ. ಇದೇ ಪುಡಿ ಅವರ ಎದೆಯೊಳಗೂ ಹೋಗುತ್ತಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ಚಳಿಗಾಲಕ್ಕೇ ಒಣಕೆಮ್ಮು ಶುರುವಾಯಿತು, ಇವತ್ತಿಗೂ ಬಿಟ್ಟಿಲ್ಲ. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ, ಎರಡು ದಿಂಬು ಇಟ್ಟು ಕೂತ ಹಾಗೇ ನಿದ್ದೆ ಮಾಡುತ್ತಾರೆ. ಹೋದ ವರ್ಷ ಪ್ರಾಸ್ಟೇಟ್ ಕ್ಯಾನ್ಸರ್ ಎಂದರು. 9/11 ಹೆಲ್ತ್ ಪ್ರೋಗ್ರಾಂನಲ್ಲಿ ಚಿಕಿತ್ಸೆ ನಡೆಯುತ್ತಿದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಗುಡಿಯ ಕ್ಯಾಂಟೀನಿನಲ್ಲಿ ಸಿಕ್ಕ ಒಬ್ಬರು, ಪಿಂಚಣಿ ಕೂಡ ಬದಲಾಯಿಸಿಕೊಳ್ಳಬಹುದು, ಅದಕ್ಕೆ ಬೇರೆ ಕಾನೂನೇ ಇದೆ ಎಂದರು. ಮನೆಯಲ್ಲಿ ಆ ಮಾತು ಎತ್ತಿದರೆ ಇವರು ಎದ್ದು ಹೋಗುತ್ತಾರೆ. "ಅದು ಫೈರ್‌ನವರಿಗೆ ಮಾಡಿದ್ದು. ನಾನು ಯಾರನ್ನು ಉಳಿಸಿದೆ? ಪೈಪು ನೋಡಿದೆ" ಅಂತಾರೆ.

ನಿಜವಾಗಿಯೂ ಇದು ಪೊಲೀಸ್, ಫೈರ್‌ನವರಿಗೆ ಮಾತ್ರವಾ? ರಿಟೈರ್ ಆಗಿ ಇಷ್ಟು ವರ್ಷ ಆದ ಮೇಲೆ ಕೇಳಬಹುದಾ? ನಾಳೆ ಇವರಿಗೆ ಏನಾದರೂ ಆದರೆ ನನ್ನ ಗತಿ ಏನು ಎನ್ನುವುದೂ ಮನಸ್ಸಿನಲ್ಲಿದೆ. ಅದನ್ನು ಅವರ ಮುಂದೆ ಹೇಳಲು ಆಗುವುದಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಗ್ಯಾರೇಜ್_ದಾವಣಗೆರೆ ಬರೆದದ್ದು:

ತಂಗಿ, ಮೊದಲು ಯಜಮಾನರಿಗೆ ಇದನ್ನು ಓದಿ ಹೇಳು.

ನಾನು ಡಿಪ್ಲೊಮಾ ಮಾಡಿದವನು. ನಗರದ ಒಂದು ಗ್ಯಾರೇಜಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದೆ. ಗ್ಯಾರೇಜ್ ಇದ್ದದ್ದು ಕ್ವೀನ್ಸ್‌ನಲ್ಲಿ, ಗ್ರೌಂಡ್ ಝೀರೋಗೆ, ಅಂದರೆ ಆ ಕಟ್ಟಡ ಬಿದ್ದ ಜಾಗಕ್ಕೆ, ನಾನು ಒಂದು ದಿನವೂ ಹೋದವನಲ್ಲ. ಆದರೆ ಅಲ್ಲಿಂದ ಬಂದ ಗಾಡಿಗಳೆಲ್ಲ ನಮ್ಮ ಕೈಗೇ ಬರುತ್ತಿದ್ದವು. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ರಾಗಿ ಹಿಟ್ಟು ಒತ್ತಿ ತುಂಬಿದ ಹಾಗೆ ಇರುತ್ತಿತ್ತು. ಕಂಪ್ರೆಸರ್ ಗಾಳಿ ಹಿಡಿದು ಊದುತ್ತಿದ್ದೆವು. ಇಡೀ ಶೆಡ್ ಬೆಳ್ಳಗಾಗುತ್ತಿತ್ತು. ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಸಂದಿಯಲ್ಲಿ, ಹೀಟರ್ ಡಕ್ಟಿನಲ್ಲಿ ಎಲ್ಲ ಅದೇ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಮಾಡಿದೆವು. ತೊಳೆದು ಶುದ್ಧ ಮಾಡಿ ಕಳಿಸಿದ ಗಾಡಿಗಳಲ್ಲ ಅವು, ನೇರ ಅಲ್ಲಿಂದಲೇ ಬಂದವು.

ನನಗೆ ಶ್ವಾಸಕೋಶದ ತೊಂದರೆ ಆದಾಗ ನಾನೂ ಹೀಗೇ ಅಂದುಕೊಂಡಿದ್ದೆ. ಅಲ್ಲಿಗೆ ಹೋಗದವನಿಗೆ ಎಂಥ ಪಿಂಚಣಿ ಅಂತ. ಯೂನಿಯನ್ನಿನ ಹುಡುಗನೊಬ್ಬ ಕೂರಿಸಿ ಹೇಳಿದ: ಕಾನೂನಿಗೆ ತಿದ್ದುಪಡಿ ಆಗಿದೆ, ಧೂಳು ಮೆತ್ತಿದ ನಗರದ ಗಾಡಿಗಳನ್ನು ಶುದ್ಧ ಮಾಡುವ ಮೊದಲು ರಿಪೇರಿ ಮಾಡಿದವರು, ತೊಳೆದವರು ಎಲ್ಲ ಅದರಲ್ಲಿ ಸೇರಿದ್ದಾರೆ, ಕೆಲಸ ಎಲ್ಲೇ ಮಾಡಿರಲಿ. ನಾನು ಅರ್ಜಿ ಹಾಕಿದೆ. ಒಂದೂವರೆ ವರ್ಷ ಓಡಾಡಿಸಿದರು, ಕೊನೆಗೆ ಸಿಕ್ಕಿತು.

ಫೈರ್‌ನವರ ದುಡ್ಡು ಕಿತ್ತುಕೊಂಡ ಹಾಗೆ ಎಂದು ಯಜಮಾನರಿಗೆ ಅನ್ನಿಸುತ್ತಿರಬೇಕು. ನನಗೂ ಹಾಗೇ ಅನ್ನಿಸಿತ್ತು. 343 ಜನ ಫೈರ್‌ನವರು ಆ ಒಂದು ದಿನ ತೀರಿಹೋದರು, ಅದಕ್ಕೆ ಸಮ ಯಾವುದೂ ಇಲ್ಲ. ಆದರೆ ಆಮೇಲೆ ಕಾಯಿಲೆಯಿಂದ ಸತ್ತ ಫೈರ್‌ನವರ ಲೆಕ್ಕ 2023ರಲ್ಲೇ 343 ಮುಟ್ಟಿತು, ಈಗ ದಾಟಿದೆ. ಅವರನ್ನು ಕೊಂದದ್ದು ಬೆಂಕಿ ಅಲ್ಲ, ಧೂಳು. ಅದೇ ಧೂಳನ್ನು ನಿನ್ನ ಯಜಮಾನರೂ ನಾಲ್ಕು ತಿಂಗಳು ಕುಡಿದಿದ್ದಾರೆ. ಡಿಸೆಂಬರ್‌ವರೆಗೂ ಅಲ್ಲಿ ಒಳಗಿನ ಬೆಂಕಿ ಆರಿರಲಿಲ್ಲ, ಹೊಗೆ ಬೇರೆ. ಅವರು ನೀರು ನಿಲ್ಲಿಸದೆ ಇದ್ದಿದ್ದರೆ ಕೆಳಗೆ ಇಳಿದು ಹುಡುಕುವವರು ಹೇಗೆ ಹುಡುಕುತ್ತಿದ್ದರು? ನಾನು ಕೇಳಿದೆ ಅಂತ ಕೇಳು.

ಆಲ್ಬನಿ_ಕನ್ನಡತಿ ಬರೆದದ್ದು:

ಸುಮಾ ಅಕ್ಕ, ನಾನು ಇಂಥ ಕೇಸು ನೋಡುವ ವಕೀಲರ ಕಚೇರಿಯಲ್ಲಿ ಕಡತದ ಕೆಲಸ ಮಾಡುತ್ತೇನೆ. ವಕೀಲೆ ಅಲ್ಲ. ಆದರೂ ದಿನಾ ಇದೇ ಫಾರಂ ನೋಡುತ್ತೇನೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಸಮವಸ್ತ್ರದವರಿಗೆ ಮಾತ್ರ ಅಲ್ಲ. ನ್ಯೂಯಾರ್ಕ್ ರಾಜ್ಯ 2005ರಲ್ಲಿ ಈ ಕಾನೂನು ಮಾಡಿತು. ರಾಜ್ಯದ ಅಥವಾ ನಗರದ ಪಿಂಚಣಿ ವ್ಯವಸ್ಥೆಯ ಸದಸ್ಯರಾಗಿದ್ದು ರಕ್ಷಣೆ, ಶೋಧ, ತೆರವು ಕೆಲಸದಲ್ಲಿ ಇದ್ದವರೆಲ್ಲ ಬರುತ್ತಾರೆ. ಎಂಜಿನಿಯರ್, ಕಸ ಸಾಗಿಸಿದವರು, ಎಲ್ಲರೂ. ಜಾಗ ಮತ್ತು ಸಮಯ, ಎರಡನ್ನು ನೋಡುತ್ತಾರೆ. ಜಾಗ ಎಂದರೆ ಕೆನಾಲ್ ಸ್ಟ್ರೀಟ್, ಪೈಕ್ ಸ್ಟ್ರೀಟ್ ಗೆರೆಯಿಂದ ದಕ್ಷಿಣಕ್ಕೆ ಇರುವ ಮ್ಯಾನ್‌ಹಟನ್. ಅವಶೇಷ ಸಾಗಿಸಿದ ಸ್ಟೇಟನ್ ಐಲ್ಯಾಂಡಿನ ಫ್ರೆಶ್ ಕಿಲ್ಸ್, ಅಲ್ಲಿಗೆ ಹೋದ ದೋಣಿಗಳು, ಶವಾಗಾರ, ಇವೂ ಸೇರಿವೆ. ಸಮಯ ಎಂದರೆ ಮೊದಲ 48 ಗಂಟೆಯೊಳಗೆ ಕೆಲಸ ಮಾಡಿರಬೇಕು, ಇಲ್ಲವೇ 2002ರ ಸೆಪ್ಟೆಂಬರ್ 12ರೊಳಗೆ ಒಟ್ಟು 40 ಗಂಟೆ. ನಾಲ್ಕು ತಿಂಗಳು ವೆಸ್ಟ್ ಸ್ಟ್ರೀಟಿನಲ್ಲಿ ಅಲೆದವರಿಗೆ 40 ಗಂಟೆ ಒಂದು ವಾರದ ಮಾತು.

ರಿಟೈರ್ ಆಗಿದ್ದರೂ ಕೇಳಬಹುದು. ಈಗಿನ ಸಾಮಾನ್ಯ ಪಿಂಚಣಿಯನ್ನು ಅಪಘಾತ ಅಂಗವೈಕಲ್ಯ ಪಿಂಚಣಿಯಾಗಿ ಬದಲಾಯಿಸುತ್ತಾರೆ. ಅದು ಕೊನೆಯ ವರ್ಷಗಳ ಸರಾಸರಿ ಸಂಬಳದ ಮುಕ್ಕಾಲು ಭಾಗ. ಈ ಕಾನೂನಿನ ದೊಡ್ಡ ಅನುಕೂಲ ಏನೆಂದರೆ, ಪಟ್ಟಿಯಲ್ಲಿರುವ ಕಾಯಿಲೆ ಆಗಿದ್ದರೆ ಅದು ಅಲ್ಲಿನ ಕೆಲಸದಿಂದಲೇ ಬಂತು ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಅಲ್ಲ ಎಂದು ತೋರಿಸುವ ಹೊರೆ ಅವರದು. ಉಸಿರಾಟದ ಕಾಯಿಲೆ, ಆಸಿಡ್ ರಿಫ್ಲಕ್ಸ್, ಕ್ಯಾನ್ಸರ್, ಮನಸ್ಸಿನ ಕಾಯಿಲೆ ಎಲ್ಲ ಅದರಲ್ಲಿ ಇವೆ. ಆದರೆ ಸುಮ್ನೆ ಕಾಯಿಲೆ ಇದೆ ಎಂದರೆ ಸಾಲದು. ಈ ಸ್ಥಿತಿಯಲ್ಲಿ ಹಳೆಯ ಕೆಲಸ ಮಾಡಲು ಆಗುವುದಿಲ್ಲ ಎಂದು ವೈದ್ಯರ ಮಂಡಳಿ ಒಪ್ಪಬೇಕು. ಕೆಲಸಕ್ಕೆ ಸೇರುವಾಗಿನ ಮೆಡಿಕಲ್‌ನಲ್ಲಿ ಈ ಕಾಯಿಲೆ ಕಂಡಿರಬಾರದು. ಆಗ ಮೆಡಿಕಲ್ ಆಗಿರದಿದ್ದರೆ ಹಳೆಯ ದಾಖಲೆ ನೋಡಲು ಒಪ್ಪಿಗೆ ಬರೆದುಕೊಡಬೇಕು.

ಈಗ ಮುಖ್ಯವಾದದ್ದು. "ನೋಟಿಸ್ ಆಫ್ ಪಾರ್ಟಿಸಿಪೇಷನ್" ಎಂಬ ಒಂದು ಫಾರಂ ಇದೆ. ನಾನು ಅಲ್ಲಿ ಕೆಲಸ ಮಾಡಿದ್ದೆ ಎಂದು ಪ್ರಮಾಣ ಮಾಡಿ ಬರೆಯುವುದು. 2021ರಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಸಹಿ ಹಾಕಿದ ತಿದ್ದುಪಡಿಯಲ್ಲಿ ಇದರ ಗಡುವನ್ನು 2026ರ ಸೆಪ್ಟೆಂಬರ್ 11ಕ್ಕೆ ತಳ್ಳಿದರು. ಅದೇ ಸಲ ಫೋನ್ ಹಿಡಿದು ಸಂಪರ್ಕದ ಕೆಲಸ ಮಾಡಿದ ಸಿಬ್ಬಂದಿಯನ್ನೂ ಒಳಗೆ ತಂದರು. ಈ ಫಾರಂ ಪಿಂಚಣಿಯ ಅರ್ಜಿ ಅಲ್ಲ, ಹಕ್ಕು ಉಳಿಸಿಕೊಳ್ಳುವುದು ಅಷ್ಟೇ. ಇವತ್ತು ಗಟ್ಟಿಮುಟ್ಟಾಗಿರುವವರೂ ಹಾಕಿ ಇಡಬೇಕು. ಮುಂದೆ ಅವರು ಆ ಕಾಯಿಲೆಯಿಂದ ತೀರಿಕೊಂಡರೆ ಹೆಂಡತಿಗೆ ಬರುವ ಸೌಲಭ್ಯಕ್ಕೂ ಇದು ಬೇಕು. ಅಕ್ಕ, ಆ ಪ್ರಶ್ನೆ ಕೇಳಲು ನೀವು ಸಂಕೋಚ ಪಡಬೇಡಿ. ನಮ್ಮ ಕಚೇರಿಗೆ ಬರುವ ಎಲ್ಲ ಹೆಂಗಸರೂ ಅದನ್ನು ಕೊನೆಗೆ, ಬಾಗಿಲ ಹತ್ತಿರ ನಿಂತು ಕೇಳುತ್ತಾರೆ.

ಇನ್ನೊಂದು. ಹೆಲ್ತ್ ಪ್ರೋಗ್ರಾಂ, 9/11 ಸಂತ್ರಸ್ತರ ಪರಿಹಾರ ನಿಧಿ, ಪಿಂಚಣಿ, ಕಾರ್ಮಿಕ ಪರಿಹಾರ, ಇವೆಲ್ಲ ಬೇರೆ ಬೇರೆ. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲಿ ಇದ್ದ ಹಾಗೆ ಅಲ್ಲ. ಹೆಲ್ತ್ ಪ್ರೋಗ್ರಾಂನಲ್ಲಿ ಇದ್ದೇವಲ್ಲ, ಎಲ್ಲ ಆಯಿತು ಎಂದುಕೊಂಡು ಗಡುವು ಕಳೆದುಕೊಂಡವರನ್ನು ಜಾಸ್ತಿ ನೋಡಿದ್ದೇನೆ.

ಚೇಂಬರ್ಸ್_ಸ್ಟ್ರೀಟ್ ಬರೆದದ್ದು:

ನನ್ನ ಕಥೆ ಇದರ ಇನ್ನೊಂದು ಮಗ್ಗುಲು. ನಾನು ಸರ್ಕಾರಿ ಗುಮಾಸ್ತೆ. ಕೆನಾಲ್ ಸ್ಟ್ರೀಟಿನಿಂದ ಕೆಳಗೇ ನಮ್ಮ ಆಫೀಸು. ಒಂದು ವಾರಕ್ಕೇ ಕೆಲಸಕ್ಕೆ ಬನ್ನಿ ಎಂದರು, ಹೋದೆವು. ಕಿಟಕಿ ಅಂಚಿನಲ್ಲಿ ಧೂಳು ಬೆರಳಷ್ಟು ದಪ್ಪ ಕೂತಿತ್ತು. ಒದ್ದೆ ಪೇಪರ್ ಟವಲ್ಲಿನಿಂದ ನಾವೇ ಮೇಜು ಒರೆಸಿ ಫೈಲು ಬಿಚ್ಚಿದೆವು. ಇಡೀ ವರ್ಷ ಆ ಗಾಳಿಯಲ್ಲೇ ಕೂತೆವು.

ನನಗೂ ಉಬ್ಬಸ ಇದೆ. ಹೆಲ್ತ್ ಪ್ರೋಗ್ರಾಂ ಸಿಕ್ಕಿತು, ಅದು ಅಲ್ಲಿ ವಾಸ ಇದ್ದವರಿಗೂ ಓದಿದವರಿಗೂ ಸಿಗುತ್ತದೆ. ಪಿಂಚಣಿ ಕೇಳಿದರೆ, ನೀವು ತೆರವು ಕೆಲಸ ಮಾಡಲಿಲ್ಲ, ನಿಮ್ಮ ಮಾಮೂಲಿ ಕೆಲಸ ಮಾಡಿದಿರಿ ಎಂದರು. ಬರುವುದಿಲ್ಲ ಎಂದು ಹೇಳುವ ಸ್ವಾತಂತ್ರ್ಯ ನನಗೆ ಎಲ್ಲಿತ್ತು? ಕರೆದಿದ್ದು ಸರ್ಕಾರ, ಗಾಳಿ ಸರಿಯಿದೆ ಎಂದದ್ದೂ ಸರ್ಕಾರ. ಗ್ಯಾರೇಜಿನವರನ್ನು ಸೇರಿಸಿದರು, ಫೋನ್ ಹಿಡಿದವರನ್ನು ಸೇರಿಸಿದರು, ಅದು ತುಂಬಾ ಸರಿ. ಅದೇ ನ್ಯಾಯ ಆದೇಶದ ಮೇಲೆ ಅಲ್ಲಿ ಕೂತ ಗುಮಾಸ್ತರಿಗೂ ಸಿಗಬೇಕು. ನಮ್ಮ ಅಸೆಂಬ್ಲಿ ಸದಸ್ಯರಿಗೆ ಎರಡು ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಸುಮಾ ಅವರೇ, ನಿಮ್ಮವರಿಗೆ ಬಾಗಿಲು ತೆರೆದಿದೆ. ದಯವಿಟ್ಟು ಬಿಡಬೇಡಿ.

ಫ್ಲಶಿಂಗ್_ಸುಮಾ ಬರೆದದ್ದು:

ಎಲ್ಲರಿಗೂ ಕೈಮುಗಿಯುತ್ತೇನೆ. ಗ್ಯಾರೇಜ್ ಅಣ್ಣ, ನಿಮ್ಮ ಬರಹ ಓದಿ ಹೇಳಿದೆ. ಇವರು ಏನೂ ಮಾತಾಡಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಸಾಕ್ಷಿ ಹುಡುಕಲು ಕೂತೆವು. ಜೊತೆಗಿದ್ದ ಇಬ್ಬರು ತೀರಿಹೋಗಿದ್ದಾರೆ. ಆಗ ನೆನಪಾಯಿತು, ಇವರು ಅರಸೀಕೆರೆಗೆ ತಮ್ಮ ತಾಯಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ನಾದಿನಿಗೆ ಫೋನ್ ಮಾಡಿದೆ. ಅತ್ತೆಯ ಟ್ರಂಕಿನಲ್ಲಿ ಹಳೇ ರೇಷ್ಮೆ ಸೀರೆಯೊಳಗೆ ಎಲ್ಲ ಕಾಗದ ಹಾಗೇ ಇವೆ. 2001ರ ಅಕ್ಟೋಬರ್ ಮುದ್ರೆ ಇರುವ ಒಂದರ ಫೋಟೋ ವಾಟ್ಸಾಪ್ ಮಾಡಿದಳು. "ಅಮ್ಮಾ, ದಿನಾ ಬಿದ್ದ ಕಟ್ಟಡದ ಹತ್ತಿರವೇ ಕೆಲಸ. ಸುಟ್ಟ ವೈರಿನ ವಾಸನೆ ಊಟದಲ್ಲೂ ಬರುತ್ತದೆ. ಕೆಮ್ಮು ಸ್ವಲ್ಪ ಇದೆ, ಚಿಂತೆ ಮಾಡಬೇಡ" ಎಂದು ಬರೆದಿದ್ದಾರೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ "ಫಾರಂ ಎಲ್ಲಿದೆ, ಕೊಡು" ಎಂದರು.

ಈ ಕಾಗದ ಲೆಕ್ಕಕ್ಕೆ ಬರುತ್ತದಾ? ಕನ್ನಡದಲ್ಲಿದೆ.

ಆಲ್ಬನಿ_ಕನ್ನಡತಿ ಬರೆದದ್ದು:

ಅಕ್ಕ, ಓದಿ ಕಣ್ಣು ತುಂಬಿತು. ಇದು ಪೂರಕ ಸಾಕ್ಷಿ ಆಗುತ್ತದೆ. ಅನುವಾದ ಮಾಡಿಸಿ, ಅನುವಾದಕರ ಸಹಿ ಇರಲಿ. ಅಂಚೆ ಮುದ್ರೆ ಕಾಣುವ ಹಾಗೆ ಮೂಲ ಕಾಗದವನ್ನೇ ತರಿಸಿಕೊಳ್ಳಿ, ಫೋಟೋ ಒಂದನ್ನೇ ನಂಬಬೇಡಿ. ಆದರೆ ಇದೊಂದರ ಮೇಲೇ ನಿಲ್ಲಬೇಡಿ. ಆಗಿನ ಓವರ್‌ಟೈಮ್ ಚೀಟಿ, ಟೈಮ್‌ಶೀಟ್ ಕೊಡಿ ಎಂದು ಇಲಾಖೆಗೆ ಬರೆಯಿರಿ. ಬದುಕಿರುವ ಸಹೋದ್ಯೋಗಿ ಒಬ್ಬರಾದರೂ ಪ್ರಮಾಣಪತ್ರ ಕೊಟ್ಟರೆ ಗಟ್ಟಿ. ದಾಖಲೆ ಕೈಸೇರಲಿ ಅಂತ ಫಾರಂ ತಡ ಮಾಡಬೇಡಿ, ಅದು ಮೊದಲು ಹೋಗಲಿ.

ಫ್ಲಶಿಂಗ್_ಸುಮಾ ಬರೆದದ್ದು:

ಸರಿ ಕಣಮ್ಮ. ನಾಳೆ ಬೆಳಿಗ್ಗೆ ಬ್ಯಾಂಕಿನ ನೋಟರಿ ಹತ್ತಿರ ಹೋಗುತ್ತೇವೆ. ಡ್ರೈವಿಂಗ್ ಲೈಸೆನ್ಸ್ ತಗೊಂಡು ಹೋದರೆ ಸಾಕಲ್ವಾ?

ಆಲ್ಬನಿ_ಕನ್ನಡತಿ ಬರೆದದ್ದು:

ಸಾಕು ಅಕ್ಕ. ನೋಟರಿ ಎದುರಿಗೇ ಸಹಿ ಮಾಡಲಿ, ಮನೆಯಲ್ಲಿ ಮಾಡಿಕೊಂಡು ಹೋಗಬೇಡಿ. ಕಳಿಸುವ ಮೊದಲು ಒಂದು ಪ್ರತಿ ತೆಗೆದಿಡಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ.