ಅವಳಿ ಹೆಣ್ಣುಗರು: ಒಂದೇ ಅಂಡದವಾ, ಎರಡರವಾ?

ಕೊಟ್ಟಿಗೆಬಾಗಿಲು:
ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಎರಡು ಹೆಣ್ಣುಗರು ಹಾಕಿದೆ. ಮುಖ ಒಂದೇ ಥರ. ಆದರೆ ಒಂದರ ಬಲಭುಜದ ಮೇಲೆ ಅಗಲ ಕಪ್ಪು ಮಚ್ಚೆ, ಇನ್ನೊಂದಕ್ಕೆ ಅಲ್ಲಿ ಬರೀ ಬಿಳಿ. ಹಾಗಾದರೆ ತದ್ರೂಪಿ (ಒಂದೇ ಅಂಡದವು) ಅಲ್ಲ ಅಂತಲಾ? ಡಿಎನ್‌ಎ ಟೆಸ್ಟಿಗೆ ರಕ್ತ ಕಳಿಸಿದರೆ ಸಾಕಾ? ಮುಂದೆ ಇವೂ ಅವಳಿ ಹಾಕುತ್ತವಾ?

ಮೂಗುದಾರ:
ಮಚ್ಚೆ ನೋಡಿ ತೀರ್ಮಾನಿಸಬೇಡಿ. ಒಟ್ಟು ಎಷ್ಟು ಬಿಳಿ ಅನ್ನುವುದರಲ್ಲಿ ವಂಶದ ಪಾಲಿದೆ. ಗಡಿ ಎಲ್ಲಿ ಬೀಳುತ್ತದೆ ಅನ್ನುವುದು ಭ್ರೂಣದಲ್ಲಿ ಬಣ್ಣದ ಕೋಶಗಳು ಹೇಗೆ ಹರಡಿದವು ಅನ್ನುವುದರ ಮೇಲೆ. ಕ್ಲೋನ್ ಮಾಡಿದ ಎಚ್‌ಎಫ್ ಕರುಗಳಲ್ಲೂ ಮಚ್ಚೆ ಹೊಂದುವುದಿಲ್ಲ. ಒಂದು ಕಪ್ಪು-ಬಿಳಿ, ಇನ್ನೊಂದು ಕೆಂಪು-ಬಿಳಿ ಆಗಿದ್ದರೆ ಮಾತ್ರ ಎರಡು ಅಂಡ ಅಂತ ಧೈರ್ಯವಾಗಿ ಹೇಳಬಹುದಿತ್ತು.

ರಕ್ತ ಬೇಡ. ದನಗಳಲ್ಲಿ ಅವಳಿಗಳ ಮಾಸಿನ ರಕ್ತನಾಳಗಳು ಗಬ್ಬದ ಎರಡನೇ ತಿಂಗಳಲ್ಲೇ ಕೂಡಿಕೊಳ್ಳುತ್ತವೆ, ಒಂದರ ರಕ್ತಮೂಲ ಕೋಶ ಇನ್ನೊಂದರಲ್ಲಿ ನೆಲೆಯೂರುತ್ತದೆ. 1945ರಲ್ಲಿ ಅಮೆರಿಕದ ವಿಜ್ಞಾನಿ ರೇ ಓವನ್ ತೋರಿಸಿದ್ದು ಇದನ್ನೇ. ಆಮೇಲೆ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ತಂಡ ಚರ್ಮ ಕಸಿ ಮಾಡಿ ತದ್ರೂಪಿಗಳನ್ನು ಬೇರ್ಪಡಿಸಲು ಹೋಗಿ ಸೋತಿತು: ಎರಡು ಅಂಡದ ಅವಳಿಗಳೂ ಪರಸ್ಪರರ ಚರ್ಮ ಒಪ್ಪಿಕೊಂಡವು! ರಕ್ತದ ವರದಿಯಲ್ಲಿ ಒಂದೇ ಜಾಗದಲ್ಲಿ ಮೂರು-ನಾಲ್ಕು ಆಲೀಲ್ (ಡಿಎನ್‌ಎಯ ಒಂದೇ ಜಾಗದ ಬೇರೆ ಬೇರೆ ರೂಪ, ಒಂದು ಕರುವಿಗೆ ಹೆಚ್ಚೆಂದರೆ ಎರಡು) ಕಂಡರೆ ಬೆರಕೆ ಗೊತ್ತಾಗುತ್ತದೆ. ಆದರೆ ಒಂದರ ಕೋಶಗಳೇ ಎರಡರಲ್ಲೂ ಮೇಲುಗೈ ಪಡೆದಿದ್ದರೆ ವರದಿ ನೀಟಾಗಿ ‘ತದ್ರೂಪಿ’ ಅನ್ನುತ್ತದೆ. ತಪ್ಪಾಗುವುದು ಅಲ್ಲೇ.

ಹುಲ್ಲುಮೆದೆ:
ಹಾಗಾಗಿ ರಕ್ತದ ಬದಲು ಬುಡಸಮೇತ ಕೂದಲು ಕಳಿಸಿ, ಬುಡದಲ್ಲಿರುವುದು ಆ ಕರುವಿನ ಸ್ವಂತ ಕೋಶ. ಬಾಲದ ಕುಚ್ಚು ತೊಳೆದು ಪೂರ್ತಿ ಒಣಗಿಸಿ, ಐದಾರು ಕೂದಲನ್ನು ಚರ್ಮದ ಹತ್ತಿರವೇ ಹಿಡಿದು ಒಮ್ಮೆಗೇ ಎಳೆಯಿರಿ. ತುದಿಯಲ್ಲಿ ಬಿಳಿ ಗಂಟು ಕಾಣಬೇಕು. ಕತ್ತರಿಸಿದ ಕೂದಲು ಕೆಲಸಕ್ಕೆ ಬಾರದು. ಕರುವಿನ ಕೂದಲು ತೆಳು, ಹೀಗೆ ಒಟ್ಟು 30–40 ಇರಲಿ. ಕರುವಿಗೊಂದು ಗ್ಲೌಸ್, ಕರುವಿಗೊಂದು ಕಾಗದದ ಕವರ್. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಬುಡ ಕೊಳೆಯುತ್ತದೆ. ಎಲ್ಲ ಮಾರ್ಕರ್ (ಡಿಎನ್‌ಎಯಲ್ಲಿ ಹೋಲಿಸುವ ಜಾಗಗಳು) ಎರಡರಲ್ಲೂ ಒಂದೇ ಬಂದರೆ ತದ್ರೂಪಿ. ಎರಡು ಅಂಡದವಾದರೆ ಹಲವು ಕಡೆ ಬೇರೆ ಬರುತ್ತದೆ.

ಮುಂದಿನ ಸಲ ಗಬ್ಬದ 30–40ನೇ ದಿನ ಸ್ಕ್ಯಾನ್ ಮಾಡುವಾಗ ಅಂಡಾಶಯದಲ್ಲಿ ಸಿಎಲ್ (ಅಂಡ ಬಿದ್ದ ಜಾಗದಲ್ಲಿ ಬೆಳೆಯುವ ಗಂಟು) ಎಣಿಸಲು ಡಾಕ್ಟರಿಗೆ ಹೇಳಿ. ಭ್ರೂಣ ಎರಡು, ಸಿಎಲ್ ಒಂದೇ ಅಂದರೆ ಒಂದೇ ಅಂಡ ಒಡೆದದ್ದು. ಅಂಥವು ಅಪರೂಪ, ದನಗಳ ಅವಳಿಯಲ್ಲಿ ಬಹುಪಾಲು ಎರಡು ಅಂಡದವೇ.

ಮೂಗುದಾರ:
ವಂಶದ ಪ್ರಶ್ನೆ ಉಳಿಯಿತು. ಅಂಡ ಒಡೆಯುವುದು ಆಕಸ್ಮಿಕ, ಹೆಣ್ಣುಗರುವಿಗೆ ಇಳಿಯುವ ಗುಣ ಅಂತ ಲೆಕ್ಕ ಹಾಕಬೇಡಿ. ಎರಡು ಅಂಡ ಬೀಳುವುದು ಸ್ವಲ್ಪ ಮಟ್ಟಿಗೆ ಇಳಿಯುತ್ತದೆ, ಆದರೆ ಹೆಚ್ಚು ಹಾಲಿನ ಹಸುವಿನಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಬೇಗ ಕರಗಿ ಅಂಡವಿರುವ ಎರಡು ಕೋಶಿಕೆ ಒಟ್ಟಿಗೆ ಬೆಳೆಯುವುದೇ ದೊಡ್ಡ ಕಾರಣ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗುರುತಿಸಿದ ‘ಟ್ರಯೋ’ ಆಲೀಲ್ (10ನೇ ವರ್ಣತಂತು) ಬೇರೆ ಮಾತು, ಅದೊಂದೇ ಸಾಕು ಅಂಡಗಳ ಸಂಖ್ಯೆ ಏರಿಸಲು. ಈ ಸಲದ ಸೆಮನ್ ಮೇಲೆ ತಪ್ಪು ಹೊರಿಸಬೇಡಿ, ಎಷ್ಟು ಅಂಡ ಬಿತ್ತು ಅನ್ನುವುದು ಹಸುವಿನ ಲೆಕ್ಕ.

ಕೊಟ್ಟಿಗೆಬಾಗಿಲು:
ಗುರುತಿನ ಓಲೆ ಹಾಕುವಾಗ ಬರುವ ಕಿವಿಯ ಚೂರು ಆಗುತ್ತಾ?

ಹುಲ್ಲುಮೆದೆ:
ಬೇಡ, ಅದರಲ್ಲೂ ರಕ್ತ ಇರುತ್ತದೆ. ಬಾಲದ ಕೂದಲೇ ಕಳಿಸಿ.