ಟ್ವೀಡ್ ಡೀಲಕ್ಸ್ 5ಇ3 ಗಿಟಾರ್ ಆಂಪ್ ಕಟ್ತಿದೀನಿ, ದುಡ್ಡು ಯಾವುದ್ರ ಮೇಲೆ ಹಾಕ್ಲಿ? ನಿಮ್ಮ ಅನುಭವ ಹೇಳಿ

ಬೆಂಗಳೂರು: ಫೆಂಡರ್ ಟ್ವೀಡ್ ಡೀಲಕ್ಸ್ (ಹಳೇ ವಾಲ್ವ್ ಆಂಪು, 5ಇ3 ಅದ್ರ ಸರ್ಕ್ಯೂಟ್ ನಂಬರು) ಮನೇಲೇ ಕಟ್ಬೇಕು. ರೆಸಿಸ್ಟರ್ ಕಾರ್ಬನ್ ಕಾಂಪಾ (ಕಾರ್ಬನ್ ಕಾಂಪೊಸಿಷನ್, ಹಳೇ ಬಗೆ) ಮೆಟಲ್ ಫಿಲ್ಮಾ? ಒಂದು ಸ್ಟೇಜಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸೋ ಕಪ್ಲಿಂಗ್ ಕ್ಯಾಪ್ (ಕೆಪಾಸಿಟರ್) ಯಾವ್ದು? ಬಜೆಟ್ ಟೈಟು.

ಮೈಸೂರು: ಅದೆಲ್ಲ ಬಿಡಿ, ಮೊದ್ಲು ಟ್ರಾನ್ಸ್‌ಫಾರ್ಮರ್ ನೋಡ್ಕೊಳ್ಳಿ. ನಾನು ಅಮೆರಿಕದಿಂದ ತರಿಸ್ದೆ, 230 ವೋಲ್ಟಿಗೆ ನಡೆಯುತ್ತೆ ಅಂದ ಮಾರಿದವನು, 60 ಹರ್ಟ್ಸ್‌ಗೆ ಮಾತ್ರ ಸುತ್ತಿದ್ದು ಅಂತ ಬಾಯೇ ಬಿಡ್ಲಿಲ್ಲ. ನಮ್ಮ 50 ಹರ್ಟ್ಸ್‌ಗೆ ಒಳಗಿನ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಇನ್ನು ಕಾಂತ ಹಿಡಿಯಲಾರದಷ್ಟು ತುಂಬಿ) ಕೈ ಇಡಕ್ಕಾಗದಷ್ಟು ಕಾಯ್ತಿತ್ತು. ಕಬ್ಬಿಣದ ತೂಕ ನೋಡಿ, ಶಿಪ್ಪಿಂಗೇ ಮಾಲಿನ ರೇಟಿಗೆ ಬಂತು, ಅದ್ರ ಮೇಲೆ ಕಸ್ಟಮ್ಸ್, ವಾಪಸ್ ಕಳಿಸೋಕೆ ಮತ್ತೆ ಅಷ್ಟೇ ಖರ್ಚು. ಕೊನೆಗೆ ಇಲ್ಲೇ ವೈಂಡರ್ ಹತ್ರ 240 ವೋಲ್ಟ್ ಪ್ರೈಮರಿ, 325-0-325 ವೋಲ್ಟ್ ಸೆಕೆಂಡರಿ ಸುತ್ತಿಸ್ದೆ, ಈಗ ಬಂಡೆ ಥರ ಕೂತಿದೆ.

ಹುಬ್ಬಳ್ಳಿ: ಅವ್ರು ಕೇಳಿದ್ದು ರೆಸಿಸ್ಟರ್, ನೀವು ಕಬ್ಬಿಣದ ಕಥಿ ಹೇಳಾಕತ್ತೀರಿ. ನಾ ಪೂರಾ ಕಾರ್ಬನ್ ಕಾಂಪ್ ಹಾಕೀನಿ. 1955ರ ಆಂಪ್‌ನ್ಯಾಗ ಅದ ಇತ್ತು, ನನಗೂ ಅದ ಬೇಕು. ಹಿಸ್ ಅಂತ ಸದ್ದು ಬರ್ತದ, ಬರಲಿ.

ಉಡುಪಿ: ಬರಲಿ ಅಂದ್ರೆ ಹೇಗೆ ಮಾರಾಯ್ರೆ? ಮೊದಲ ಸ್ಟೇಜಿನ 100ಕೆ (ಕಿಲೋ ಓಮ್) ಪ್ಲೇಟ್ ರೆಸಿಸ್ಟರಿನ ಹಿಸ್ಸನ್ನು ಮುಂದಿನ ಸ್ಟೇಜೆಲ್ಲ ದೊಡ್ಡದು ಮಾಡ್ತದೆ. ಕಾರ್ಬನ್ ಕಾಂಪಿಗೆ ಅರ್ಥ ಇದ್ರೆ ಸಿಗ್ನಲ್ ದೊಡ್ಡದಿರುವ ಫೇಸ್ ಇನ್ವರ್ಟರಿನ (ಎರಡು ಔಟ್‌ಪುಟ್ ವಾಲ್ವಿಗೆ ಸಿಗ್ನಲ್ ಉಲ್ಟಾ-ಸೀದಾ ಹಂಚುವ ಸ್ಟೇಜು) 56ಕೆಯಲ್ಲಿ ಮಾತ್ರ. ನನ್ನ ದುಡ್ಡು ತಿಂದದ್ದು 5ವೈ3, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವು. ಹೊಸ ತಯಾರಿಯದ್ದು ಹಳೆಯದರಷ್ಟು ವೋಲ್ಟೇಜ್ ಇಳಿಸ್ಲಿಲ್ಲ, ಬಿ ಪ್ಲಸ್ (ವಾಲ್ವಿಗೆ ಹೋಗುವ ಡಿಸಿ) 390 ವೋಲ್ಟಿಗೆ ಹೋಯ್ತು, ಔಟ್‌ಪುಟ್ ವಾಲ್ವು ಎರಡಕ್ಕೂ ಸೇರಿದ ಕ್ಯಾಥೋಡ್ ರೆಸಿಸ್ಟರ್ 250 ಓಮಿನ ಮೇಲೆ 21 ವೋಲ್ಟ್, ಲೆಕ್ಕ ಹಾಕಿ, ಒಂದೊಂದು 6ವಿ6 ಔಟ್‌ಪುಟ್ ವಾಲ್ವಿನ ಮೇಲೆ ಮಿತಿ ಮೀರಿ 14 ವ್ಯಾಟಿಗಿಂತ ಜಾಸ್ತಿ. ಲೈಟ್ ಆಫ್ ಮಾಡಿ ನೋಡಿದ್ರೆ ಪ್ಲೇಟಿನ ನಡುವೆ ಕೆಂಪು ಕಲೆ. ಒಳ್ಳೆ ಜೋಡಿ ಹಾಳಾಯ್ತು. ಹಳೇ ಅಮೆರಿಕನ್ 5ವೈ3 ಹಾಕಿದ ಮೇಲೆ 355ಕ್ಕೆ ಬಂತು.

ಹುಬ್ಬಳ್ಳಿ: ಮೀಟರ್ ನೋಡಿ ಗಿಟಾರ್ ಕೇಳಾವ್ರ ಜೋಡಿ ಮಾತ ಬ್ಯಾಡ.

ಉಡುಪಿ: 6ವಿ6 ಸುಟ್ಟ ಮೇಲೆ ಕೇಳ್ಲಿಕ್ಕೆ ಏನುಂಟು?

ಜಾಲಹಳ್ಳಿ: 5ಇ3 ಯಾಕ್ರೀ, ಇಎಲ್84 ವಾಲ್ವ್ ಹಾಕೋ 18 ವ್ಯಾಟ್ ಮಾರ್ಷಲ್ ಆಂಪ್ ಕಟ್ಟಿ. ನಮ್ಮ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ ಇಎಲ್84 ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹುಡುಕಿದ್ರೆ ಇನ್ನೂ ಸಿಗುತ್ತೆ. ನಮ್ಮಪ್ಪ ಅಲ್ಲಿ ಕೆಲಸ ಮಾಡ್ದೋರು, ನನ್ನ ಆಂಪಲ್ಲಿ ಅವೇ ಇರೋದು, ಯಾವ ಹೊಸ ವಾಲ್ವೂ ಹತ್ರ ಬರಲ್ಲ.

ಮೈಸೂರು: ಬಿಇಎಲ್ ಡಬ್ಬ ಹೊಸದು, ಒಳಗಿರೋದು ಹಳೇ ರೇಡಿಯೋದಿಂದ ಕಿತ್ತಿದ್ದು. ನನಗೆ ಹಾಗೇ ಟೋಪಿ ಹಾಕಿದ್ರು, ಟೆಸ್ಟರ್‌ಗೆ ಹಾಕಿದ್ರೆ ಎಮಿಷನ್ನೇ (ವಾಲ್ವೊಳಗೆ ಎಲೆಕ್ಟ್ರಾನ್ ಹೊರಡೋದು) ಇಲ್ಲ.

ಜಾಲಹಳ್ಳಿ: ಅಂಗಡಿಯವನು ಮೋಸ ಮಾಡಿದ್ರೆ ಫ್ಯಾಕ್ಟರಿ ಹೆಸರು ಎತ್ಬೇಡಿ. ಟೆಸ್ಟ್ ಮಾಡ್ಸದೆ ದುಡ್ಡು ಕೊಟ್ಟಿದ್ದು ಯಾರು?

ಉಡುಪಿ: ಈ ಜಗಳ ಬೇರೆ ಕಡೆ ಆಡಿ. ಬೆಂಗಳೂರಿನವರೇ, ಕಪ್ಲಿಂಗಿಗೆ 0.1 ಮೈಕ್ರೋಫ್ಯಾರಡ್, 600 ವೋಲ್ಟಿನ ಯಾವ ಫಿಲ್ಮ್ ಕ್ಯಾಪಾದ್ರೂ ಸಾಕು. ಉಳಿದ ದುಡ್ಡು ಆಲ್ನಿಕೋ ಮ್ಯಾಗ್ನೆಟ್ಟಿನ ಸ್ಪೀಕರಿಗೆ ಹಾಕಿ.

ಹುಬ್ಬಳ್ಳಿ: ಯಾವ ಕ್ಯಾಪಾದ್ರೂ ಸಾಕಂತ! ಕಿವಿ ಅದಾವೇನ್ರೀ ನಿಮಗ?