‘ಆಸ್ಪಿಸಸ್’ ಅಂದರೆ ಬರೀ ಆಶ್ರಯವೇ?

ನಮಸ್ಕಾರ. ಇಲ್ಲಿ ಪುಣೆಯಲ್ಲಿ ನಮ್ಮ ಕನ್ನಡ ಸಂಘದ ಆಮಂತ್ರಣ ಪತ್ರಿಕೆ ಮೂರು ಭಾಷೆಯಲ್ಲಿ ಅಚ್ಚಾಗಬೇಕು. ಇಂಗ್ಲಿಷಿನಲ್ಲಿ ‘ಅಂಡರ್ ದಿ ಆಸ್ಪಿಸಸ್ ಆಫ್’ ಅಂತಿದೆ. ಮರಾಠಿಗೆ ‘ವಿದ್ಯಮಾನೆ’ ರೆಡಿ. ಕನ್ನಡಕ್ಕೆ ‘ಆಶ್ರಯದಲ್ಲಿ’ ಅಂತ ಬರೆದೆ. ಹಾಗಾದರೆ ದುಡ್ಡು ಕೊಟ್ಟವರ ಹೆಸರೂ ಅದರ ಕೆಳಗೇ ಬರಲಿ ಅಂದರು ಸಮಿತಿಯ ಹಿರಿಯರೊಬ್ಬರು.

ನನಗೆ ಅದು ಸರಿ ಕಾಣಲಿಲ್ಲ. ಲ್ಯಾಟಿನ್‌ನಲ್ಲಿ ‘ಅವಿಸ್’ ಅಂದರೆ ಹಕ್ಕಿ, ‘ಸ್ಪೆಕೆರೆ’ ಅಂದರೆ ನೋಡು. ಹಕ್ಕಿ ನೋಡಿ ಶಕುನ ಹೇಳುವವನು ‘ಆಸ್ಪೆಕ್ಸ್’. ‘ಆಸ್ಪಿಸಸ್’ ಬಂದದ್ದು ಅದರಿಂದಲೇ. ರೋಮನ್ನರು ಹಕ್ಕಿ ಯಾವ ಕಡೆ ಹಾರಿತು, ಹೇಗೆ ಕೂಗಿತು ಅಂತ ನೋಡುತ್ತಿದ್ದರು. ದಂಡಿನ ಜೊತೆ ಪಂಜರದಲ್ಲಿ ಕೋಳಿಗಳೂ ಹೋಗುತ್ತಿದ್ದವು. ಕಾಳು ಗಬಗಬ ತಿಂದರೆ ಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾ ಹತ್ತಿರ ಕ್ಲಾಡಿಯಸ್ ಪುಲ್ಕರ್ ಎಂಬ ಸೇನಾಪತಿಯ ಕೋಳಿಗಳು ಕಾಳು ಮುಟ್ಟಲಿಲ್ಲವಂತೆ. ‘ತಿನ್ನದಿದ್ದರೆ ಕುಡಿಯಲಿ’ ಅಂತ ಸಮುದ್ರಕ್ಕೇ ಎಸೆಸಿದ ಅನ್ನೋದು ಕಥೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತು ಅಂತೀವಲ್ಲ, ಹಾಗೆ! ಯುದ್ಧದಲ್ಲಿ ಅವನು ಹೀನಾಯವಾಗಿ ಸೋತದ್ದಂತೂ ನಿಜ.

‘ಆಸ್ಪಿಸಸ್’ಗೆ ಈಗಿನ ಅರ್ಥ ಬಂದದ್ದೂ ಇಲ್ಲಿಂದಲೇ. ದಂಡಿನ ಪರವಾಗಿ ಶಕುನ ನೋಡುವ ಹಕ್ಕು ಮುಖ್ಯ ಸೇನಾಪತಿಗೆ ಮಾತ್ರ. ಕೈಕೆಳಗಿನವನು ಹೋಗಿ ಗೆದ್ದರೂ ಗೆಲುವು ಇವನ ‘ಆಸ್ಪಿಸಸ್’ ಲೆಕ್ಕಕ್ಕೆ. ಅಂದರೆ ಅಧಿಕಾರ, ಹೊಣೆ. ದುಡ್ಡಿನ ಮಾತು ಅಲ್ಲಿಲ್ಲ. ಹಾಗಾಗಿ ಪ್ರಾಯೋಜಕರಿಗೆ ಬೇರೆ ಸಾಲು ಇರಲಿ ಅನ್ನೋದು ನನ್ನ ವಾದ. ಆದರೆ ‘ಆಶ್ರಯ’ದಲ್ಲಿ ನೆರಳು ಕೊಡುವ ಅರ್ಥವೇ ಜಾಸ್ತಿ, ಅಲ್ವಾ? ‘ನೇತೃತ್ವ’ ಅಂದರೆ ಮುಂದೆ ನಿಂತು ನಡೆಸಿದ ಹಾಗಾಗುತ್ತದೆ. ನಿಮ್ಮ ಕಡೆಯ ಪತ್ರಿಕೆಗಳಲ್ಲಿ ಏನು ಹಾಕುತ್ತೀರಿ?

ಇನ್ನೊಂದು ವಿಷಯ. ಸಂಸ್ಕೃತದ ‘ಶಕುನ’ಕ್ಕೂ ಮೊದಲ ಅರ್ಥ ಹಕ್ಕಿ ಅಂತಲೇ. ಶಕುಂತಲೆಯನ್ನು ಕಾಪಾಡಿದ ಶಕುಂತ ಪಕ್ಷಿಗಳೂ ಇದೇ ಬಳಗದವು. ಬುಡಬುಡಿಕೆಯವರ ‘ಹಾಲಕ್ಕಿ ನುಡೀತೈತೆ’ ನೆನಪಿದೆಯಾ? ಆ ಹಾಲಕ್ಕಿ ಒಂದು ಸಣ್ಣ ಗೂಬೆ. ಮರಾಠಿಯಲ್ಲಿ ಅದಕ್ಕೆ ‘ಪಿಂಗಳಾ’ ಅಂತಾರೆ. ಈ ಕಡೆ ನಸುಕಿನಲ್ಲಿ ಬಂದು ಭವಿಷ್ಯ ಹೇಳುವವನನ್ನೂ ಪಿಂಗಳಾ ಅಂತಲೇ ಕರೆಯುತ್ತಾರೆ. ಕಣಿ ಹೇಳುವವರಿಗೆ ಹೀಗೆ ಹಕ್ಕಿಯ ಹೆಸರೇ ಅಂಟಿಕೊಂಡದ್ದು ಕನ್ನಡದಲ್ಲೂ ಎಲ್ಲಾದರೂ ಉಂಟಾ? ಗೊತ್ತಿದ್ದವರು ಊರಿನ ಹೆಸರು ಸಮೇತ ಬರೆಯಿರಿ.